ಸಾರಾ ಸಿಸ್ಟರ ಹನ್ನೆರಡು ಜೊತೆ ಕಾಲುಚೀಲ

ಮೊನ್ನೆ ಶೀತಜ್ವರದ ಸೂಜಿ ಹಾಕಿಸಿಕೊಳ್ಳಲು ಶನಿವಾರಸಂತೆಯ ಆಸ್ಪತ್ರೆಗೆ ಹೋಗಿದ್ದೆ. ನರ್ಸು ಹುಡುಗಿ ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ನನ್ನ ತೋಳಿಗೆ ಉಜ್ಜಿದಳು. ಆ ತಣ್ಣನೆಯ, ಮೂಗಿಗೆ ಚುರುಕ್ಕೆನ್ನುವ ವಾಸನೆ ಏರಿದ್ದೇ ತಡ, ಸೂಜಿ ಯಾವಾಗ ಚುಚ್ಚಿತೋ ಯಾವಾಗ ಹೊರಬಂತೋ ತಿಳಿಯಲಿಲ್ಲ. ‘ಅಜ್ಜೀ, ಆಯ್ತು. ಹೊರಗೆ ಹದಿನೈದು ನಿಮಿಷ ಕೂತ್ಕೊಂಡಿರಿ’ ಎಂದಳು ಆಕೆ. ನಾನು ಹೊರಗೆ ಬಂದು ಬೆಂಚಿನ ಮೇಲೆ ಕೂತೆ. ಕೂತದ್ದು ದೇಹ ಮಾತ್ರ. ಮನಸ್ಸು ಅರವತ್ತು ವರ್ಷಕ್ಕೂ ಹಿಂದೆ ಇದೇ ಊರಿನ ಒಂದು ಜಗಲಿಗೆ ಹೋಗಿ ಸಾರಾ ಸಿಸ್ಟರ ಪಕ್ಕದಲ್ಲಿ ಕೂತಿತ್ತು.

ಕೊಡಗು ತನ್ನದೇ ಪುಟ್ಟ ರಾಜ್ಯವಾಗಿದ್ದ ಕೊನೆಯ ದಿನಗಳು ಅವು. ಕೊಡ್ಲಿಪೇಟೆಯಾಚೆಯ ಹಳ್ಳಿಯಿಂದ ಬಂದ ನಾನು ಇಲ್ಲಿಯ ಶಾಲೆಗೆ ಹೊಸ ಟೀಚರು. ಇಪ್ಪತ್ತು ವರ್ಷ ವಯಸ್ಸು, ಜಗತ್ತಿನ ಪ್ರತಿಯೊಂದು ವಿಷಯದ ಮೇಲೂ ಖಚಿತವಾದ ಅಭಿಪ್ರಾಯ. ಸೈನ್ಯದಿಂದ ನಿವೃತ್ತರಾಗಿದ್ದ ಹವಾಲ್ದಾರ್ ಪುಟ್ಟಪ್ಪನವರ ಮನೆಯ ಬಲಭಾಗ ನನಗೆ ಬಾಡಿಗೆಗೆ ಸಿಕ್ಕಿತು. ಎಡಭಾಗದಲ್ಲಿ ಸರ್ಕಾರಿ ಔಷಧಾಲಯದ ನರ್ಸು ಸಾರಾ ಸಿಸ್ಟರ್ ಇದ್ದರು. ಜಗಲಿ ಇಬ್ಬರಿಗೂ ಒಂದೇ.

‘ಅವ್ರು ಕಿರಿಸ್ತಾನರಲ್ಲ ಕಣವ್ವ, ಯಹೂದ್ಯರಂತೆ. ಏಸುಸ್ವಾಮಿಗಿಂತ ಮುಂಚಿನೋರು’ ಎಂದು ಹವಾಲ್ದಾರರು ಮೊದಲ ದಿನವೇ ಹೇಳಿದ್ದರಿಂದ ನಾನು ತುಂಬ ಮುದುಕಿಯೊಬ್ಬರನ್ನು ನಿರೀಕ್ಷಿಸಿದ್ದೆ. ಬಂದವರು ಮೂವತ್ತರ ಆಸುಪಾಸಿನ, ಉದ್ದ ಜಡೆಯ, ಕೊಚ್ಚಿಯ ಮಲಯಾಳ ಬೆರೆತ ಕನ್ನಡ ಮಾತಾಡುವ ಹೆಂಗಸು. ತಮ್ಮ ಮನೆಯಲ್ಲಿ ಎಷ್ಟೋ ತಲೆಮಾರಿನಿಂದ ಎಲ್ಲರೂ ಕೊಚ್ಚಿಯವರೇ ಎಂದಾಗ ನನಗೆ ಕೊಂಚ ನಿರಾಸೆಯೂ ಆಯಿತು ಎನ್ನಬೇಕು.

ಸಿಸ್ಟರಿಗೆ ಒಂದು ವಿಚಿತ್ರ ಕಷ್ಟವಿತ್ತು. ಅವರ ಧರ್ಮದಲ್ಲಿ ಶನಿವಾರ ವಿಶ್ರಾಂತಿಯ ದಿನ. ಬಂದು ನೆಲೆಸಿದ್ದು ನೋಡಿ, ಶನಿವಾರವೇ ಸಂತೆಯಾಗುವ ಊರಿನಲ್ಲಿ! ಹೆರಿಗೆಯೋ ಜ್ವರವೋ ಬಂದರೆ ಶನಿವಾರವೂ ಓಡುತ್ತಿದ್ದರು. ಜೀವ ಉಳಿಸುವ ಕೆಲಸಕ್ಕೆ ಅಡ್ಡಿಯಿಲ್ಲವಂತೆ. ಆದರೆ ಬೆಂಕಿ ಹೊತ್ತಿಸುವ ಹಾಗಿಲ್ಲ, ಸಂತೆಗೆ ಹೋಗುವ ಹಾಗಿಲ್ಲ. ಅಂಥ ಬೆಳಿಗ್ಗೆ ಜಗಲಿಗೆ ಬಂದು, ‘ಇವತ್ತು ಚಳಿ ಜಾಸ್ತಿ ಉಂಟಲ್ಲ ಟೀಚರೇ’ ಎನ್ನುತ್ತಿದ್ದರು. ‘ಹೌದು ಸಿಸ್ಟರ್, ಶಾಲು ಹೊದ್ದುಕೊಳ್ಳಿ’ ಎನ್ನುತ್ತಿದ್ದೆ. ಮರುವಾರ, ‘ಬಿಸಿ ಚಾಯ ಒಳ್ಳೇದು ಈ ಚಳಿಗೆ’ ಎಂದರು. ‘ಕುಡೀರಿ ಸಿಸ್ಟರ್’ ಎಂದೆ. ಮೂರನೆಯ ವಾರ ಹವಾಲ್ದಾರರಿಗೆ ತಡೆಯಲಾಗಲಿಲ್ಲ. ‘ಅಯ್ಯೋ ದಡ್ಡಿ, ಅವ್ರು ಒಲೆ ಹಚ್ಚಂಗಿಲ್ಲ, ಹಚ್ಚು ಅಂತ ಬಾಯ್ಬಿಟ್ಟು ಕೇಳಂಗೂ ಇಲ್ಲ. ನೀನಾಗೇ ತಿಳ್ಕಂಡು ಹಚ್ಬೇಕು. ಮಕ್ಕಳಿಗೆ ಏನು ಪಾಠ ಮಾಡ್ತೀಯೋ!’ ಅಂದಿನಿಂದ ಪ್ರತಿ ಶನಿವಾರ ಸಿಸ್ಟರ ಒಲೆ ಹಚ್ಚುವವಳು ನಾನೇ ಆದೆ. ನಮ್ಮ ಸ್ನೇಹ ಶುರುವಾದದ್ದು ಹೀಗೆ.

ಅವರ ಮನೆಯವರೆಲ್ಲ ಮೂರು ವರ್ಷದ ಹಿಂದೆ ಹಡಗು ಹತ್ತಿ ಇಸ್ರೇಲಿಗೆ ಹೋಗಿದ್ದರು. ಸಿಸ್ಟರನ್ನು ಮಾತ್ರ ಬಿಡಲಿಲ್ಲ. ಹೊರಡುವ ಮುಂಚಿನ ಪರೀಕ್ಷೆಯಲ್ಲಿ ಅವರ ರಕ್ತದಲ್ಲಿ ಆನೆಕಾಲು ರೋಗದ ಹುಳ ಕಂಡಿತಂತೆ. ಕಾಲು ಊದಿರಲಿಲ್ಲ, ಜ್ವರವೂ ಇರಲಿಲ್ಲ. ಆದರೂ ವಾಸಿಯಾಗುವವರೆಗೆ ಬರುವಂತಿಲ್ಲ ಎಂದು ಆ ದೇಶದ ಅಧಿಕಾರಿಗಳು ಹೇಳಿದರು. ಖಾಲಿಯಾದ ಕೊಚ್ಚಿಯ ಮನೆಯಲ್ಲಿರಲಾರದೆ ಅವರು ಕೊಡಗಿನಲ್ಲಿ ಕೆಲಸ ಹುಡುಕಿಕೊಂಡು ಬಂದರು. ಹೋದವರಲ್ಲಿ ಕೊನೆಯ ತಮ್ಮ ಏಲಿಯ. ಹೋಗುವಾಗ ಅವನಿಗೆ ಹದಿನೈದು ವರ್ಷ. ಈಗ ಅಲ್ಲಿ ಸೈನ್ಯ ಸೇರಿದ್ದಾನೆ ಎಂದು ಕಾಗದ ಬಂದಿತ್ತು.

ಆ ಅಕ್ಟೋಬರ್ ಮುಗಿಯುವ ಹೊತ್ತಿಗೆ ಇಸ್ರೇಲಿನ ಸೈನ್ಯ ಈಜಿಪ್ಟಿನೊಳಕ್ಕೆ ನುಗ್ಗಿ ಸುಯೆಜ್ ಕಾಲುವೆಯ ಯುದ್ಧ ಶುರುವಾಯಿತು.

ಊರಿನಲ್ಲಿ ಒಳ್ಳೆಯ ರೇಡಿಯೊ ಇದ್ದದ್ದು ನಮ್ಮ ಜಗಲಿಯೆದುರು, ಸಂತೆಬೀದಿಯ ಆಚೆ ಬದಿಗಿದ್ದ ಮೊಯ್ದು ಕಾಕನ ಮಳಿಗೆಯಲ್ಲಿ. ಕಂಬಳಿ, ಕೊಡೆ, ಒಣಮೀನು ಎಲ್ಲ ಮಾರುತ್ತಿದ್ದ ಮಾಪಿಳ್ಳೆ ಮುಸ್ಲಿಂ ವ್ಯಾಪಾರಿ ಅವರು. ಈ ಊರಿನಲ್ಲಿ ಸಿಸ್ಟರಿಗೆ ತಮ್ಮ ಭಾಷೆಯಲ್ಲಿ ಮನಸ್ಸು ಬಿಚ್ಚಿ ಮಾತಾಡಲು ಇದ್ದವರೂ ಅವರೊಬ್ಬರೇ. ಸಂಜೆ ವಾರ್ತೆಗೆ ಸಿಸ್ಟರ್ ಹೊರಟರೆ ಜೊತೆಗೆ ನಾನೂ ಹೋಗುತ್ತಿದ್ದೆ. ಕಾಕ ರೇಡಿಯೊದ ಒಂದು ಪಕ್ಕ, ಸಿಸ್ಟರ್ ಇನ್ನೊಂದು ಪಕ್ಕ. ಇಬ್ಬರೂ ಒಂದೇ ಥರ ಕಿವಿಯಾನಿಸಿ ಕೂರುತ್ತಿದ್ದರು. ಬಯಸುತ್ತಿದ್ದುದು ಮಾತ್ರ ಬೇರೆ ಬೇರೆ. ಕಾಕನ ಅಣ್ಣ ಹಡಗೊಂದರಲ್ಲಿ ಕೆಲಸಕ್ಕಿದ್ದ, ಆ ಹಡಗು ಕಾಲುವೆಯ ಬಾಯಲ್ಲಿ ಸಿಕ್ಕಿಕೊಂಡಿತ್ತು. ಅಲ್ಲದೆ ಕಾಕನ ಮನಸ್ಸೆಲ್ಲ ಈಜಿಪ್ಟಿನವರ ಕಡೆಗೆ. ವಾರ್ತೆ ಮುಗಿದ ಮೇಲೆ ಮಲಯಾಳದಲ್ಲಿ ಜಗಳವಾಗುತ್ತಿತ್ತು. ಕೈ ಮೇಲೆ ಹೋಗುತ್ತಿತ್ತು, ದನಿ ಇನ್ನೂ ಮೇಲೆ. ಕೊನೆಗೆ ಕಾಕ ಕನ್ನಡಕ್ಕೆ ಇಳಿದು, ‘ಚಾಯ ಕುಡಿದೇ ಹೋಗಿ ಸಿಸ್ಟರೇ, ಜಗಳ ನಾಳೆಗೂ ಉಂಟು’ ಎನ್ನುತ್ತಿದ್ದರು.

ಈಗ ನನ್ನ ವಿಷಯಕ್ಕೆ ಬರುತ್ತೇನೆ. ತಪ್ಪಿಸಿಕೊಳ್ಳೋಣವೆಂದರೆ ದಾರಿಯಿಲ್ಲ.

ಶಾಲೆಯ ಜಗಲಿಯ ಕರಿಹಲಗೆಯ ಮೇಲೆ ದಿನದ ವಾರ್ತೆ ಬರೆಯುವ ಕೆಲಸ ನನ್ನದಾಗಿತ್ತು. ಆ ಗುರುವಾರ ಕೊಡಗು ಮೈಸೂರು ರಾಜ್ಯಕ್ಕೆ ಸೇರುವ ದಿನ. ಶಾಲೆಯಲ್ಲಿ ಸಮಾರಂಭ, ಮಕ್ಕಳಿಗೆ ಕಲ್ಲುಸಕ್ಕರೆ. ಹವಾಲ್ದಾರರು ಮಾತ್ರ ‘ಇದ್ದ ರಾಜ್ಯಾನೂ ಹೋಯ್ತು’ ಎಂದು ಮುಖ ಊದಿಸಿಕೊಂಡು ಹಿಂದಿನ ಸಾಲಲ್ಲಿ ಕೂತಿದ್ದರು. ನಾನು ಹಲಗೆಯ ಎಡಕ್ಕೆ ಬಣ್ಣದ ಸೀಮೆಸುಣ್ಣದಲ್ಲಿ ಹೊಸ ರಾಜ್ಯದ ನಕ್ಷೆ ಬರೆದೆ. ಬಲಕ್ಕೆ ಯುದ್ಧದ ವಾರ್ತೆ. ಆಗ ನಮ್ಮ ದೇಶದ ಸಹಾನುಭೂತಿಯೂ ಈಜಿಪ್ಟಿನ ಕಡೆಗೇ ಇತ್ತು. ಪತ್ರಿಕೆಯಲ್ಲಿ ಇದ್ದದ್ದನ್ನೇ ಬರೆದೆ. ಬರೆದು ಸುಮ್ಮನಿರಬಹುದಿತ್ತು. ಜಾಗ ಉಳಿಯಿತೆಂದು ಒಂದು ಚಿತ್ರವನ್ನೂ ಬಿಡಿಸಿದೆ: ಬೇಲಿ ಹಾರಿ ಬರುತ್ತಿರುವ ಇಸ್ರೇಲಿನ ಸಿಪಾಯಿ, ಬಾಯಿಂದ ಆಚೆ ಬಂದ ದೊಡ್ಡ ದೊಡ್ಡ ಹಲ್ಲು. ಮಕ್ಕಳು ಹೊಟ್ಟೆ ಹಿಡಿದು ನಕ್ಕರು. ನನಗೂ ಹೆಮ್ಮೆಯೆನಿಸಿತು.

ಸಮಾರಂಭ ಮುಗಿದ ಮೇಲೆ ಮಕ್ಕಳಿಗೆ ಸೂಜಿ ಹಾಕಲು ಸಾರಾ ಸಿಸ್ಟರ್ ಬಂದರು. ಸ್ಪಿರಿಟ್ಟಿನ ಸೀಸೆ, ಹತ್ತಿ, ಸೂಜಿ ಕುದಿಸುವ ಪಾತ್ರೆ ಎಲ್ಲವನ್ನೂ ಮೇಜಿನ ಮೇಲೆ ಜೋಡಿಸಿ ತಲೆಯೆತ್ತಿದರೆ ಎದುರಿಗೇ ಹಲಗೆ. ಎಷ್ಟು ಹೊತ್ತು ನೋಡಿದರೋ ನನಗೆ ಗೊತ್ತಿಲ್ಲ. ನಾನು ನೆಲ ನೋಡುತ್ತಿದ್ದೆ. ಆಮೇಲೆ ಒಂದೊಂದೇ ಮಗುವಿನ ತೋಳು ಒರೆಸಿ, ಎಂದಿನಂತೆ ‘ಇರುವೆ ಕಚ್ಚಿದ ಹಾಗೆ, ಅಷ್ಟೇ’ ಎಂದು ಸಮಾಧಾನ ಮಾಡಿ, ಎಲ್ಲರಿಗೂ ಹಾಕಿ ಮುಗಿಸಿದರು. ಹೊರಡುವಾಗ ನನ್ನ ಹತ್ತಿರ ಬಂದರು.

‘ಚಿತ್ರ ಚೆನ್ನಾಗುಂಟು ಟೀಚರೇ. ನನ್ನ ತಮ್ಮನಿಗೆ ಅಷ್ಟು ದೊಡ್ಡ ಹಲ್ಲಿಲ್ಲ.’

ಅವರು ಗೇಟು ದಾಟುವುದರೊಳಗೆ ಹಲಗೆ ಅಳಿಸಿಬಿಟ್ಟೆ. ಅವಸರದಲ್ಲಿ ಮೈಸೂರು ರಾಜ್ಯವೂ ಅರ್ಧ ಅಳಿಸಿಹೋಯಿತು.

ಮರುದಿನ ಶುಕ್ರವಾರ, ದೀಪಾವಳಿಯ ಅಮಾವಾಸ್ಯೆ. ಊರಿನ ಜಗಲಿಗಳಲ್ಲೆಲ್ಲ ಹಣತೆಯ ಸಾಲು. ಸಿಸ್ಟರ್ ತಮ್ಮ ವಿಶ್ರಾಂತಿಯ ದಿನಕ್ಕೆಂದು ಪ್ರತಿ ಶುಕ್ರವಾರ ಹೊತ್ತು ಮುಳುಗುವ ಮುಂಚೆ ಹಚ್ಚುವ ಎರಡು ಎಣ್ಣೆದೀಪ ಅಂದೂ ಹಚ್ಚಿ ಬಾಗಿಲು ಹಾಕಿಕೊಂಡರು. ವಾರ್ತೆಗೆ ಹೋಗಲಿಲ್ಲ. ಶನಿವಾರ ಬೆಳಿಗ್ಗೆ ನಾನು ಜಗಲಿಯಲ್ಲಿ ಕಾದು ಕೂತೆ. ಚಳಿಯ ಮಾತು ಬರಲಿ, ಚಾಯದ ಮಾತು ಬರಲಿ ಎಂದು. ಅವರು ಹೊರಗೇ ಬರಲಿಲ್ಲ. ಎಂಟು ಗಂಟೆಯಾದರೂ ಅವರ ಮನೆಯ ಹೆಂಚಿನ ಮೇಲೆ ಹೊಗೆ ಕಾಣಲಿಲ್ಲ. ಕೊನೆಗೆ ನಾನಾಗಿಯೇ ಬಾಗಿಲು ತಳ್ಳಿ ಒಳಗೆ ಹೋಗಿ ಒಲೆ ಹಚ್ಚಿದೆ. ಅವರು ಮೂಲೆಯಲ್ಲಿ ಕೈಕಟ್ಟಿ ಕೂತಿದ್ದರು. ಬೇಡವೆನ್ನಲಿಲ್ಲ.

‘ಅಳಿಸಿದೆ ಸಿಸ್ಟರ್’ ಎಂದೆ.

‘ಗೊತ್ತು. ಮಕ್ಕಳು ಸ್ಲೇಟಿನಲ್ಲಿ ಬರೆದುಕೊಂಡು ಹೋಗಿದ್ದಾರೆ. ನಿನ್ನೆ ಔಷಧಿಗೆ ಬಂದ ಮಗು ನನಗೇ ತೋರಿಸ್ತು.’

ವಾರ್ತೆ ಪತ್ರಿಕೆಯದು, ಹಲ್ಲು ನನ್ನದು. ಈಜಿಪ್ಟಿನಲ್ಲಿ ನನಗೆ ಯಾರೂ ಇರಲಿಲ್ಲ, ಇಸ್ರೇಲಿನಲ್ಲೂ ಇರಲಿಲ್ಲ. ನಕ್ಷೆಯಲ್ಲಿ ಎರಡನ್ನೂ ಬೆರಳಿಟ್ಟು ತೋರಿಸು ಎಂದಿದ್ದರೆ ಬೆರಳು ತಡವರಿಸುತ್ತಿತ್ತು. ದಿನವೂ ಅವರೊಡನೆ ಜಗಳವಾಡುತ್ತಿದ್ದ ಕಾಕ ಆಡದಂಥದ್ದನ್ನು ನಾನು ಸೀಮೆಸುಣ್ಣದಲ್ಲಿ ಆಡಿದ್ದೆ.

‘ತಪ್ಪಾಯ್ತು’ ಎಂದೆ. ಅವರು ಚಾಯ ಎರಡು ಲೋಟಕ್ಕೆ ಬಗ್ಗಿಸಿದರು. ನನಗೆ ಅಷ್ಟು ಸಾಕಾಗಿತ್ತು.

ಅಂದು ಮಧ್ಯಾಹ್ನ ಸಂತೆ ಕಿಕ್ಕಿರಿದಿತ್ತು. ಸಿಸ್ಟರ್ ಮಳಿಗೆಯೊಳಕ್ಕೆ ಬರುವುದಿಲ್ಲವೆಂದು ತಿಳಿದಿದ್ದ ಮೊಯ್ದು ಕಾಕ ರೇಡಿಯೊವನ್ನು ಎತ್ತಿ ಹೊರಗಿನ ಕಟ್ಟೆಯ ಮೇಲೆ, ನಮ್ಮ ಜಗಲಿಗೆ ಮುಖಮಾಡಿ ಇಟ್ಟರು. ದನಿ ಪೂರ್ತಿ ಏರಿಸಿದರು. ಮೆಣಸಿನಕಾಯಿಯವರನ್ನೂ ಕುಕ್ಕೆ ಮಾರುವವರನ್ನೂ ‘ಐದು ನಿಮಿಷ ಬಾಯಿ ಮುಚ್ಚಿ ಮಾರಾಯ್ರೆ!’ ಎಂದು ಗದರಿದರು. ಸಂತೆಯ ಜನ ಯಾರೋ ದೊಡ್ಡವರು ತೀರಿಕೊಂಡಿರಬೇಕೆಂದು ಸುಮ್ಮನೆ ನಿಂತರು. ಸಿಸ್ಟರ್ ಜಗಲಿಯ ಕಂಬ ಹಿಡಿದು ವಾರ್ತೆ ಕೇಳಿದರು. ತಮ್ಮನ ಹೆಸರು ಅದರಲ್ಲಿ ಬರುವಂತಿಲ್ಲ, ಅಣ್ಣನ ಹಡಗಿನ ಹೆಸರೂ ಬರಲಿಲ್ಲ. ಕಾಕ ರೇಡಿಯೊ ಒಳಗಿಡುತ್ತ ನಮ್ಮ ಕಡೆ ನೋಡಿ ತಲೆಯಾಡಿಸಿದರು.

ಭಾನುವಾರದಿಂದ ಸಿಸ್ಟರ್ ಹನ್ನೆರಡು ಜೊತೆ ಉಣ್ಣೆಯ ಕಾಲುಚೀಲ ಹೆಣೆಯಲು ಕೂತರು. ಕೊಚ್ಚಿಯಲ್ಲಿ ಉಳಿದಿದ್ದ ಅವರ ಜನ ಇಸ್ರೇಲಿನ ಸಿಪಾಯಿಗಳಿಗೆಂದು ಬೆಚ್ಚನೆಯ ಬಟ್ಟೆ ಒಟ್ಟುಮಾಡುತ್ತಿದ್ದಾರೆಂದು ಕಾಗದ ಬಂದಿತ್ತು. ಬೊಂಬಾಯಿಯಲ್ಲಿ, ಇನ್ನೂ ಎಲ್ಲೆಲ್ಲೋ, ಹೆಸರೂ ಗೊತ್ತಿಲ್ಲದ ಊರುಗಳಲ್ಲಿ ತಮ್ಮಂಥ ಹೆಂಗಸರು ಇದೇ ಹೊತ್ತಿಗೆ ಹೆಣೆಯುತ್ತಿರುತ್ತಾರೆ ಎಂದು ಹೇಳುವಾಗ ಅವರ ಮುಖ ಬೇರೆಯಾಗುತ್ತಿತ್ತು. ಶನಿವಾರಸಂತೆಯಲ್ಲಿ ಅವರ ಕುಲದವರೆಂದರೆ ಅವರೊಬ್ಬರೇ ಅಲ್ಲವೇ.

‘ಮರಳುಗಾಡಿಗೆ ಉಣ್ಣೆ ಯಾಕೆ ಸಿಸ್ಟರ್?’ ಎಂದು ಕೇಳಿದವಳು ನಾನೇ. ದೊಡ್ಡ ಯುದ್ಧದಲ್ಲಿ ಈಜಿಪ್ಟಿಗೆ ಹೋಗಿ ಬಂದಿದ್ದ ಹವಾಲ್ದಾರರು ಉತ್ತರ ಕೊಟ್ಟರು: ‘ಆ ಮರಳು ಕಂಡಿದೀನಿ ಕಣವ್ವ. ಹಗಲು ಕಾದ ಹಂಚು, ಹೊತ್ತು ಮುಳುಗಿದ್ರೆ ನಮ್ಮ ಪುಷ್ಪಗಿರಿ ತುದಿಗಿಂತ ಚಳಿ. ಹೆಣೀಲಿ ಬಿಡು.’

ಯುದ್ಧ ಹತ್ತು ದಿನದೊಳಗೆ ನಿಂತುಹೋಯಿತು. ಆಗ ಮುಗಿದಿದ್ದದ್ದು ಎರಡೇ ಜೊತೆ. ಸಿಸ್ಟರ್ ನಿಲ್ಲಿಸಲಿಲ್ಲ, ನನಗೂ ಹೆಣೆಯುವುದು ಕಲಿಸಿದರು. ನಾನು ಹೆಣೆದ ಒಂದು ಜೊತೆಯಲ್ಲಿ ಎಡಗಾಲು ಬಲಗಾಲಿಗಿಂತ ಎರಡು ಬೆರಳು ಉದ್ದವಾಗಿತ್ತು. ಅದನ್ನೂ ಸೇರಿಸಿಕೊಂಡರು.

ಒಂದು ಸಂಜೆ ಕೇಳಿಯೇಬಿಟ್ಟೆ. ‘ನಿಮ್ಮನ್ನ ಬೇಡ ಅಂದೋರಲ್ವಾ ಅವರು? ಆದ್ರೂ ಇಷ್ಟೆಲ್ಲ ಯಾಕೆ?’

‘ನಾನು ನರ್ಸಲ್ಲವಾ? ಬೇರೆಯವರ ರಕ್ತದಲ್ಲಿ ಹುಳ ಕಂಡಿದ್ರೆ ನಾನೂ ಹಡಗು ಹತ್ತಿಸ್ತಿರ್ಲಿಲ್ಲ.’ ಒಂದು ಸಾಲು ಹೆಣೆದು ಮುಗಿಸಿ, ‘ಕೋಪ ಉಂಟು. ತುಂಬ ಉಂಟು’ ಎಂದರು.

‘ಕೋಪ ಇಟ್ಟುಕೊಂಡು ಹೆಣೀತೀರಾ?’

‘ಮತ್ತೆ? ಮನೆಯವರ ಮೇಲೆ ಕೋಪ ಬಂದ್ರೆ ನೀವು ಅನ್ನ ಬೇಯಿಸುದಿಲ್ಲವಾ?’

‘ಒಂದು ಜೊತೆ ಏಲಿಯನಿಗೆ. ಉಳಿದ ಹನ್ನೊಂದು?’

‘ಗೊತ್ತಿಲ್ಲ ಟೀಚರೇ. ಯಾರಿಗೋ.’ ಅವರ ಅಜ್ಜಿ ಪ್ರತಿ ವರ್ಷ ಹಬ್ಬದ ಊಟ ಮುಗಿಸಿ ಏಳುವಾಗ, ಮುಂದಿನ ವರ್ಷ ನಮ್ಮ ಪೂರ್ವಿಕರ ಆ ನಾಡಿನಲ್ಲಿ ಊಟ ಮಾಡೋಣ ಎನ್ನುತ್ತಿದ್ದರಂತೆ. ಹಾಗೆನ್ನುತ್ತಲೇ ಮುದುಕಿಯಾಗಿ ಕೊಚ್ಚಿಯಲ್ಲೇ ತೀರಿಕೊಂಡರಂತೆ. ‘ಕಂಡಿಲ್ಲದ ಊರು ಹೇಗೆ ನಿಮ್ಮದು ಅಂತ ನೀವು ಕೇಳ್ತೀರಿ. ಅದು ನನಗೂ ಗೊತ್ತಿಲ್ಲ’ ಎಂದು ಮತ್ತೆ ಹೆಣಿಗೆಗೆ ಬಾಗಿದರು. ನಾನು ಆ ಪ್ರಶ್ನೆಯನ್ನು ಇನ್ನೂ ಕೇಳಿಯೇ ಇರಲಿಲ್ಲ. ಕೇಳಬೇಕೆಂದಿದ್ದೆ, ನಿಜ.

ಹನ್ನೆರಡು ಜೊತೆ ಮುಗಿದಾಗ ಡಿಸೆಂಬರ್ ಕಳೆಯುತ್ತ ಬಂದಿತ್ತು. ಕೊಚ್ಚಿಗೆ ತಲುಪಿಸುವುದು ಹೇಗೆ? ಮೆಣಸು ಏಲಕ್ಕಿ ಹೇರಿಕೊಂಡು ಆ ಕಡೆ ಹೋಗುತ್ತಿದ್ದದ್ದು ಮೊಯ್ದು ಕಾಕನ ಲಾರಿ ಮಾತ್ರ. ಸಿಸ್ಟರ್ ಗಂಟನ್ನು ಎದೆಗವಚಿಕೊಂಡು ಮಳಿಗೆಯ ಮುಂದೆ ನಿಂತರು. ಒಳಗೇನಿದೆ, ಯಾರಿಗೆ ಎಂದು ಮುಚ್ಚುಮರೆಯಿಲ್ಲದೆ ಹೇಳಿದರು. ಕಾಕನ ಅಣ್ಣನ ಸುದ್ದಿ ಆಗಿನ್ನೂ ಬಂದಿರಲಿಲ್ಲ.

ಕಾಕ ಕೈಯಲ್ಲಿದ್ದ ತಕ್ಕಡಿ ಕೆಳಗಿಟ್ಟರು. ಆಮೇಲೆ ಕೇಳಿದರು, ‘ನಾನು ಆ ಕಡೆಯವನು ಅಂತ ನಿಮಗೆ ಗೊತ್ತುಂಟಲ್ಲ?’

‘ಗೊತ್ತುಂಟು.’

‘ಗೊತ್ತಿದ್ದೂ ಬಂದ್ರಿ.’

‘ಬೇರೆ ಯಾರ ಹತ್ರ ಹೋಗ್ಲಿ ಕಾಕಾ?’

ಅವರು ಗಂಟು ಬಿಚ್ಚಿ ನೋಡಿದರು. ಒಂದು ಕಾಲುಚೀಲದೊಳಗೆ ಕೈಹಾಕಿ ಉಣ್ಣೆ ಎಷ್ಟು ದಪ್ಪವಿದೆ ಎಂದು ಪರೀಕ್ಷಿಸಿದರು. ‘ಹೀಗೆ ಕಟ್ಟಿದ್ರೆ ಘಟ್ಟ ಇಳಿಯುದ್ರೊಳಗೆ ಮಂಜಿಗೆ ಒದ್ದೆ’ ಎನ್ನುತ್ತ ಮೇಣಗಪ್ಪಡ ತಂದು ಎರಡು ಸುತ್ತು ಸುತ್ತಿ, ಹುರಿಯಿಂದ ಬಿಗಿದು, ಡ್ರೈವರನ ಸೀಟಿನ ಕೆಳಗೆ ತಾವೇ ಇಟ್ಟುಬಂದರು. ಅಂದು ಚಾಯಕ್ಕೆ ಕರೆಯಲಿಲ್ಲ. ವಾರ ಕಳೆದ ಮೇಲೆ ಕರೆದರು.

ಅಣ್ಣ ಬದುಕಿರುವ ಸುದ್ದಿ ಕಾಕನಿಗೆ ಮೊದಲು ಬಂತು. ಏಲಿಯನ ಕಾಗದ ಬಂದದ್ದು ಬೇಸಿಗೆ ಶುರುವಾದ ಮೇಲೆ. ಯುದ್ಧದ ಅಷ್ಟೂ ದಿನ ಅವನು ಕಾಮಾಲೆಯಾಗಿ ಆಸ್ಪತ್ರೆಯಲ್ಲಿ ಮಲಗಿದ್ದನಂತೆ. ಸಿಸ್ಟರ್ ಜಗಲಿಯಲ್ಲಿ ಕೂತು ಓದಿ ನನಗೆ ಕನ್ನಡದಲ್ಲಿ ಹೇಳಿದರು: ‘ನನ್ನ ಹೆಸರು ಬರೆದ ಜೊತೆ ನನಗೇ ಸಿಕ್ತು ಅಕ್ಕಾ. ಆದ್ರೆ ಕಾಲು ಹೋಗುದಿಲ್ಲ. ನನ್ನ ಕಾಲು ಬೆಳೆದುಂಟು.’ ಹದಿನೈದು ವರ್ಷದ ಹುಡುಗನ ಅಳತೆಗೆ ಹೆಣೆದಿದ್ದರು ಅವರು. ನಗಲು ಶುರುಮಾಡಿದವರು ನಡುವೆ ಯಾವಾಗಲೋ ಅಳತೊಡಗಿದರು. ಅವರ ತೋಳು ಹಿಡಿದು ಕೂತೆ. ಹೇಳಲು ನನ್ನ ಬಳಿ ಆ ಹೊತ್ತು ಯಾವ ಅಭಿಪ್ರಾಯವೂ ಇರಲಿಲ್ಲ.

ಮುಂದಿನ ವರ್ಷ ಅವರ ರಕ್ತ ಶುದ್ಧವಾಗಿದೆಯೆಂದು ಚೀಟಿ ಬಂತು; ಹೊರಟರು. ಬಸ್ಸಿನವರೆಗೆ ಹವಾಲ್ದಾರರು ಟ್ರಂಕು ಹೊತ್ತರು. ಕಾಕ ಬರಲಿಲ್ಲ, ಮಳಿಗೆಯ ಬಾಗಿಲಲ್ಲೇ ನಿಂತು ಕೈಯೆತ್ತಿದರು. ನಾಲ್ಕೈದು ವರ್ಷ ಕಾಗದ ಬರುತ್ತಿತ್ತು, ಆಮೇಲೆ ನಿಂತುಹೋಯಿತು. ಅಲ್ಲಿ ಅವರಿಗೆ ಹೇಗಾಯಿತು, ಕಂಡ ಮೇಲೆ ಆ ಊರು ಅವರದೇ ಅನಿಸಿತೇ ಎಂದು ತಿಳಿಯುವ ಆಸೆ ನನಗೆ ಇನ್ನೂ ಇದೆ.

‘ಟೀಚರಮ್ಮಾ, ನೀವೇ ಹೇಳಿ, ಇದ್ರಲ್ಲಿ ತಪ್ಪು ಯಾರ್ದು?’

ಬೆಚ್ಚಿ ನೋಡಿದೆ. ಆಸ್ಪತ್ರೆಯ ಹಾಲಿನ ಗೋಡೆಯ ಟೀವಿಯಲ್ಲಿ ಮತ್ತೆ ಅದೇ ನಾಡಿನ ಯುದ್ಧ: ಹೊಗೆ, ಕುಸಿದ ಕಟ್ಟಡ, ಓಡುವ ಜನ. ಅದರ ಕೆಳಗೆ ನಿಂತು ಇಬ್ಬರು ವಾದ ಮಾಡುತ್ತಿದ್ದರು. ಅವರಲ್ಲಿ ಒಬ್ಬ ನನ್ನ ಹಳೆಯ ವಿದ್ಯಾರ್ಥಿ. ಟೀಚರಿಗೆ ಗೊತ್ತಿಲ್ಲದ್ದಿಲ್ಲ ಎಂಬ ನಂಬಿಕೆ ಅವನಿಗೆ ಇನ್ನೂ ಹೋಗಿಲ್ಲ. ನನಗೂ ಹೇಳುವುದಕ್ಕೆ ಸಾಕಷ್ಟಿತ್ತು. ಪತ್ರಿಕೆ ಓದುವುದನ್ನೇನೂ ಬಿಟ್ಟಿಲ್ಲ. ಬಾಯಿ ತೆರೆದೆ. ಆಗ ಎದುರು ಬೆಂಚಿನ ಹೆಂಗಸು ಕಣ್ಣಿಗೆ ಬಿದ್ದಳು. ಟೀವಿಯತ್ತ ಬೆನ್ನು ತಿರುಗಿಸಿ, ಮಡಿಲಲ್ಲಿ ಫೋನಿಟ್ಟುಕೊಂಡು ಅದನ್ನೇ ನೋಡುತ್ತಿದ್ದಳು.

ಎದ್ದು ಹೋಗಿ ಅವಳ ಪಕ್ಕ ಕೂತೆ. ‘ಅಲ್ಲಿ ನಿಮ್ಮೋರು ಯಾರಾದ್ರೂ ಇದ್ದಾರೇನಮ್ಮಾ?’

‘ಮಗಳು’ ಎಂದಳು. ‘ಮನೇಲಿ ವಯಸ್ಸಾದೋರನ್ನ ನೋಡ್ಕಳೋ ಕೆಲ್ಸ. ಬೆಳಿಗ್ಗೆಯಿಂದ ಫೋನ್ ತೆಗೀತಿಲ್ಲ.’

ಯಾವ ಕಡೆ ಎಂದು ನಾನು ಕೇಳಲಿಲ್ಲ. ಮಗಳ ಹೆಸರೇನು, ಓದಿದ್ದೆಲ್ಲಿ, ಊಟ ತಿಂಡಿಗೆ ಅಲ್ಲಿ ಏನು ಮಾಡಿಕೊಳ್ಳುತ್ತಾಳೆ ಎಂದು ಕೇಳುತ್ತ ಹೋದೆ. ಅವಳು ಹೇಳುತ್ತ ಹೋದಳು. ಅಷ್ಟರಲ್ಲಿ ನರ್ಸು ಹುಡುಗಿ ಹೊರಗೆ ಬಂದು, ‘ಹದಿನೈದು ನಿಮಿಷ ಆಯ್ತು ಅಜ್ಜೀ, ನೀವಿನ್ನು ಹೊರಡಬಹುದು’ ಎಂದಳು.

‘ಇನ್ನೂ ಸ್ವಲ್ಪ ಹೊತ್ತು ಇರ್ತೀನಿ ಕಣೇ’ ಎಂದೆ.