ಹೋಗಿ ಬರುತ್ತಿದ್ದ ಚೀಲ

ಹೊಸ ಅರಿವೆಯ ಗಂಜಿ ವಾಸನೆಗೆ ಇಷ್ಟು ಶಕ್ತಿ ಇದೆ ಎಂದು ಯಾರಾದರೂ ಹೇಳಿದ್ದರೆ ನಾನು ಒಪ್ಪುತ್ತಿರಲಿಲ್ಲ. ಹೋದ ವಾರ ಅಥಣಿಯ ಶಾಲೆಯೊಂದರ ಚರ್ಚಾಸ್ಪರ್ಧೆಗೆ ನಿರ್ಣಾಯಕಿಯಾಗಿ ಹೋಗಿದ್ದೆ. ವಿಷಯ, ಪ್ಲಾಸ್ಟಿಕ್ ಬೇಕೋ ಬೇಡವೋ. ಕೊನೆಗೆ ಹಾರದ ಬದಲು ಒಂದು ಹತ್ತಿಯ ಚೀಲ ಕೈಗಿಟ್ಟರು. ಬಸ್ಸಿನಲ್ಲಿ ಅದನ್ನು ಬಿಡಿಸಿ ಮೂಗಿಗೆ ಹಿಡಿದೆ, ಯಾಕೆಂದು ಕೇಳಬೇಡಿ. ಗಂಜಿ, ನೂಲು, ಒಂದಿಷ್ಟು ಧೂಳು... ಐನಾಪುರದ ನಮ್ಮ ಓಣಿಯೇ ಎದುರಿಗೆ ಬಂದು ಕೂತಂತಾಯಿತು.

ಅಷ್ಟೇ ಆಗಿದ್ದರೆ ಸುಮ್ಮನಿರುತ್ತಿದ್ದೆನೇನೋ. ಆದರೆ ಅಂದು ಬಹುಮಾನ ಗೆದ್ದ ಹುಡುಗಿ ಒಂದು ಕಥೆ ಹೇಳಿದ್ದಳು. ಐನಾಪುರದಲ್ಲಿ ಒಬ್ಬ ತಾಯಿ ಇದ್ದಳಂತೆ. ಪ್ಲಾಸ್ಟಿಕ್ ಚೀಲ ಸಂತೆಗೆ ಕಾಲಿಟ್ಟ ಹೊಸದರಲ್ಲೇ ಅದರ ಕೇಡನ್ನು ಕಂಡುಕೊಂಡು, ನಡುಸಂತೆಯಲ್ಲಿ ಆ ಚೀಲಗಳನ್ನು ಹರಿದೆಸೆದು, ಅರಿವೆಯ ಚೀಲ ಹಿಡಿಯಿರಿ ಎಂದು ಜನರಿಗೆ ಬುದ್ಧಿ ಹೇಳಿದಳಂತೆ. ಸಭೆ ಚಪ್ಪಾಳೆ ತಟ್ಟಿತು. ಈ ಕಥೆಯನ್ನು ಬೇರೆ ಬೇರೆ ಬಾಯಲ್ಲಿ ಕೇಳಿದ್ದೇನೆ. ಪ್ರತಿ ಸಲವೂ ಆಕೆ ಇನ್ನಷ್ಟು ದೊಡ್ಡವಳಾಗುತ್ತಾಳೆ, ಇನ್ನಷ್ಟು ಸುಳ್ಳಾಗುತ್ತಾಳೆ.

ಹರಿದದ್ದು ನಿಜ, ನಾನು ಅಲ್ಲೇ ಇದ್ದೆ. ಬುದ್ಧಿ ಹೇಳಿದ್ದು ಸುಳ್ಳು. ಆಕೆ ಅಳುತ್ತಿದ್ದಳು. ಅಳುವವರನ್ನು ಭಾಷಣಕಾರರನ್ನಾಗಿ ಮಾಡುವುದು ಬಹಳ ಸುಲಭ. ಕಣ್ಣೀರೊಂದನ್ನು ಒರೆಸಿಬಿಟ್ಟರೆ ಸಾಕು.

ಆಕೆ ನಮ್ಮ ಪಕ್ಕದ ಮನೆಯವಳು. ಮರಾಠಿ ಬೆರೆತ ನಮ್ಮ ಕಡೆ ಚಿಕ್ಕಮ್ಮನ ಸಮಾನದವರನ್ನು ಕಾಕು ಅನ್ನುತ್ತೇವೆ, ಚೀಲವನ್ನು ಪಿಶವಿ ಅನ್ನುತ್ತೇವೆ. ಅವರದು ಜೈನರ ಮನೆ. ಆಕೆಯ ಗಂಡ ಕಾಕಾನದು ಕಾಳುಕಡಿಯ ವ್ಯಾಪಾರ, ಮಾತು ಕಡಿಮೆ. ಕಾಕು ಆತನ ಹಳೆಯ ಧೋತರಗಳನ್ನು ಹರಿದು ಕೈಯಲ್ಲೇ ಪಿಶವಿ ಹೊಲಿಯುತ್ತಿದ್ದಳು. ಬದನೆಗೆ ಒಂದು, ಚವಳಿಕಾಯಿಗೆ ಒಂದು, ಹಸಿಮೆಣಸಿನಕಾಯಿಗೆ ಒಂದು. ಒಂದರದು ಇನ್ನೊಂದಕ್ಕೆ ಸಲ್ಲದು. ಸೊಪ್ಪಿನ ಪಿಶವಿಯನ್ನು ನೀರಲ್ಲಿ ಅದ್ದಿ, ಹಿಂಡಿ, ಕಿಟಕಿಯ ಗಾಳಿಗೆ ತೂಗುಹಾಕುವಳು. ಅದರೊಳಗಿನ ಮೆಂತ್ಯ ಮರುದಿನವೂ ಆಗಷ್ಟೇ ಕಿತ್ತಂತೆ ಇರುತ್ತಿತ್ತು. ತುಂಬುವ ಮೊದಲು ಪಿಶವಿಯನ್ನು ಒಳಹೊರಗು ಮಾಡಿ ಅಂಗಳದಲ್ಲಿ ಮೆಲ್ಲಗೆ ಕೊಡವಬೇಕು. ಹೊಲಿಗೆಯ ಸಂದಿಯಲ್ಲಿ ಹುಳು ಸಿಕ್ಕಿ ಸಾಯಬಾರದು. ಮಳೆಗಾಲದ ಚಾತುರ್ಮಾಸ ಮುಗಿಯುವ ತನಕ ಆ ಮನೆಯಲ್ಲಿ ಸೊಪ್ಪು ತಿನ್ನುತ್ತಿರಲಿಲ್ಲ. ಉಳ್ಳಾಗಡ್ಡಿ, ಬೆಳ್ಳುಳ್ಳಿ ಯಾವ ಕಾಲಕ್ಕೂ ಹೊಸ್ತಿಲು ದಾಟುತ್ತಿರಲಿಲ್ಲ.

ಅವರಿಗೆ ಒಬ್ಬಳೇ ಮಗಳು, ನನಗಿಂತ ದೊಡ್ಡವಳು. ಎಂಬತ್ತರ ದಶಕದ ಕೊನೆಯಲ್ಲಿ, ನಾನಿನ್ನೂ ಹೈಸ್ಕೂಲಿನಲ್ಲಿದ್ದಾಗ, ಕಬ್ಬಿನ ಟ್ರ್ಯಾಕ್ಟರ್ ಹೊಡೆಯುತ್ತಿದ್ದ ಮರಾಠರ ಹುಡುಗನನ್ನು ಮದುವೆಯಾಗಿ ಕಾಗವಾಡಕ್ಕೆ ಹೊರಟುಹೋದಳು. ಸುದ್ದಿ ತಿಳಿದ ಬೆಳಿಗ್ಗೆಯೇ ಕಾಕು ಬಸದಿಗೆ ನಡೆದಳು. ನನ್ನ ಅವ್ವ ಗಾಬರಿಯಾಗಿ ಹಿಂದೆ ಹೋದಳು. ಅಲ್ಲಿ ನಡೆದದ್ದನ್ನು ನಾನು ಕೇಳಿದ್ದು ಅವ್ವನಿಂದ.

ಅವರಲ್ಲಿ ಯಾವುದಾದರೂ ನಿಯಮ ಹಿಡಿಯುವಾಗ ಅವಧಿ ಹೇಳುವುದು ರೂಢಿ. ಈ ಚಾತುರ್ಮಾಸ ಮುಗಿಯುವ ತನಕ ಬೆಲ್ಲ ಬಿಟ್ಟೆ, ಬರುವ ಹಬ್ಬದ ತನಕ ಹಾಲು ಬಿಟ್ಟೆ, ಹೀಗೆ. ಅವಧಿ ಮುಗಿದರೆ ನಿಯಮವೂ ಮುಗಿಯಿತು. ಮನುಷ್ಯರ ಬಲ ಎಷ್ಟು ಎಂದು ಬಲ್ಲವರು ಮಾಡಿದ ಏರ್ಪಾಡು ಅದು. ಕಾಕು ದೇವರ ಮುಂದೆ ನಿಂತು, “ಇನ್ನ ಆಕಿ ಮಾರಿ ನೋಡೂದಿಲ್ಲ, ಆಕಿ ಕೂಡ ಮಾತಾಡೂದಿಲ್ಲ” ಅಂದಳಂತೆ.

ಪೂಜೆಯ ಪಂಡಿತರು ಮೆಲ್ಲಗೆ, “ಎಲ್ಲೀತನಕ ಅಂತ ಹೇಳ್ ತಾಯಿ. ಅವಧಿ ಹೇಳು” ಅಂದರಂತೆ.

“ಜೀವ ಇರೋತನಕ.”

ಸಿಟ್ಟಿನಲ್ಲಿ ಆಡಿದ್ದು. ಆದರೆ ಆಡಿದ್ದು ಬಸದಿಯಲ್ಲಿ.

ಆಮೇಲೆ ಕಾಕು ಎಂದಿನಂತೆಯೇ ಇದ್ದಳು ಅಂತ ಓಣಿ ಹೇಳುತ್ತಿತ್ತು. ನಾನು ನಂಬಲಿಲ್ಲ. ನಂಬದಿರುವುದು ಆಗಲೇ ನನಗೆ ಚಟವಾಗಿತ್ತು. ಕಾಲೇಜಿಗೆ ಸೇರಿ ಚರ್ಚೆಯಲ್ಲಿ ಬಹುಮಾನ ಹೊಡೆಯತೊಡಗಿದ ಮೇಲಂತೂ ಸಾಕ್ಷಿ ಇಲ್ಲದೆ ಯಾವ ಮಾತನ್ನೂ ಒಳಗೆ ಬಿಡುತ್ತಿರಲಿಲ್ಲ. ಸಾಕ್ಷಿ ಸಂತೆಯಲ್ಲಿ ಸಿಕ್ಕಿತು. ಕಾಕು ಕಾಯಿಪಲ್ಯ ಕೊಳ್ಳುತ್ತಿದ್ದದ್ದು ಒಬ್ಬನ ಹತ್ತಿರವೇ, ಹಣ್ಣು-ತರಕಾರಿ ಮಾರುವ ಮುಸ್ಲಿಂ ಮನೆತನದ ಬಾಗವಾನ ಮಾಮಾನ ಹತ್ತಿರ. ನರೆ ಮೂಡಿದ ಗಡ್ಡ, ಬಾಯಿ ತುಂಬ ಮಾತು, ತಕ್ಕಡಿಯನ್ನು ಯಾವಾಗಲೂ ಕೊಳ್ಳುವವರ ಕಡೆ ಒಂದಿಷ್ಟು ಬಾಗಿಸುವ ಮನುಷ್ಯ. ಚಾತುರ್ಮಾಸ ನಡೆದಿತ್ತು. ಆದರೂ ಕಾಕು ಮೆಂತ್ಯದ ಸಿವುಡು ಆರಿಸುತ್ತಿದ್ದಳು. ಆಮೇಲೆ ಬೇರೊಂದು ಪಿಶವಿಯ ಬಾಯಿ ಅಗಲಿಸಿ ಹಿಡಿದು, ಮುಖ ಆ ಕಡೆ ತಿರುಗಿಸಿ ನಿಂತಳು. ಮಾಮಾ ಅದರೊಳಗೆ ಉಳ್ಳಾಗಡ್ಡಿ ಸುರಿದ.

“ಕಾಕು, ನಿಮ್ಮ ಮನ್ಯಾಗ ಉಳ್ಳಾಗಡ್ಡಿ ಯಾರು ತಿಂತಾರ?” ಅಂದೆ.

“ನೀ ವಕೀಲ್ಕಿ ಕಲೀಬೇಕಂದ್ರ ಬೆಳಗಾವಿಗೆ ಹೋಗಬೇ. ಸಂತ್ಯಾಗ ಸುರು ಮಾಡಬ್ಯಾಡ.”

ಮಾಮಾ ನಕ್ಕ. “ಕಾಲೇಜಿನ ಬಾಯಿ ಐತ್ರಿ ಅಕ್ಕಾ, ಮುಚ್ಚಾಂಗಿಲ್ಲ ಅದು.”

ಉತ್ತರ ನನ್ನ ಕಣ್ಣೆದುರೇ ಇತ್ತು. ಕಾಕು ತುಂಬಿದ ಆ ಎರಡೂ ಪಿಶವಿಗಳನ್ನು ಮನೆಗೆ ಒಯ್ಯಲಿಲ್ಲ, ಮಾಮಾನ ಬುಟ್ಟಿಗಳ ಹಿಂದೆ ಇಟ್ಟು ಬಂದಳು. ಮಾಮಾ ನಮ್ಮೂರ ಸಂತೆ ಮುಗಿಸಿ ಕಾಗವಾಡದ ಸಂತೆಗೆ ಹೋಗುವವನು. ಅಲ್ಲಿ ಮಗಳು ಬಂದು ಅವನ್ನು ಒಯ್ಯುತ್ತಿದ್ದಳು, ಮುಂದಿನ ಸಂತೆಗೆ ಖಾಲಿ ಪಿಶವಿ ಒಗೆದು ಮಡಿಚಿ ಮಾಮಾನ ಕೈಗೆ ಕೊಡುತ್ತಿದ್ದಳು. ಅದು ಕಾಕುವಿನ ಹತ್ತಿರ ತಿರುಗಿ ಬರುತ್ತಿತ್ತು. ಮುಖ ನೋಡಲಿಲ್ಲ, ಮಾತಾಡಲಿಲ್ಲ. ಹೇಳಿಕಳಿಸಿದರೆ ಅದೂ ಮಾತೇ ಆಯಿತು ಎಂದು ಕಾಕು ಒಂದು ಮಾತನ್ನೂ ಹೇಳಿಕಳಿಸುತ್ತಿರಲಿಲ್ಲ.

ತಿರುಗಿ ಬಂದ ಪಿಶವಿಯನ್ನು ಆಕೆ ಕಟ್ಟೆಯ ಮೇಲೆ ಹರಡಿ ನೋಡುವುದನ್ನು ನೋಡಬೇಕಿತ್ತು. ಅರಿಸಿನದ ಕಲೆ ಇದ್ದರೆ ಮನೆಯಲ್ಲಿ ಏನೋ ಕಾರ್ಯ. ಬಿಳುಪು ಕಡಿಮೆಯಾಗಿದ್ದರೆ ಹೊಳೆಯ ಕೆಂಪು ನೀರಲ್ಲಿ ಒಗೆದದ್ದು, ನಳ ಬಂದಿಲ್ಲ. ಹರಿದ ಅಂಚಿಗೆ ಹೊಲಿಗೆ ಬಿದ್ದಿದ್ದರೆ ಹೊಲಿಗೆಯ ಮೇಲೆ ಬೆರಳಾಡಿಸಿ, “ಅವಸರದಾಗ ಹಾಕ್ಯಾಳ. ಅತ್ತಿ ಕರದಿರಬೇಕು” ಎನ್ನುವಳು. ಇದೆಲ್ಲ ಊಹೆ, ಪುರಾವೆ ಅಲ್ಲ ಎಂದು ನಾನು ಹೇಳಿದರೆ, “ನಿನಗ ಹೊಲಿಯಾಕ ಬರತೈತೇನಬೇ? ಮತ್ತ ಸುಮ್ ಕುಂದ್ರು” ಅನ್ನುವಳು.

ಒಂದು ಸಲ ಪಿಶವಿಯ ಬಾಯಿಗೆ ಪೋಣಿಸುವ ಹಳೆಯ ದಾರ ಇರಲಿಲ್ಲ. ಅದರ ಬದಲು ಕರಿದಾರ ಹೆಣೆದು ಹಾಕಿತ್ತು, ಎಳೆಕೂಸಿನ ಸೊಂಟಕ್ಕೆ ಕಟ್ಟುವಂಥದು. ಕಾಕು ಅದನ್ನು ಹಿಡಿದುಕೊಂಡು ಬಹಳ ಹೊತ್ತು ಕೂತಳು. ಎದ್ದವಳೇ ಅಡುಗೆಮನೆಗೆ ಹೋಗಿ ಸಕ್ಕರೆ ತಂದು ನನ್ನ ಬಾಯಿಗೆ ಹಾಕಿದಳು. ಕಾಕಾ ಪಡಸಾಲೆಯಿಂದ ನೋಡಿದ, ಕೈ ಚಾಚಿದ. ಆತನ ಕೈಗೂ ಒಂದಿಷ್ಟು ಹಾಕಿದಳು.

ಮುಂದಿನ ಸಂತೆಯಲ್ಲಿ ಆಕೆ ಸಬ್ಬಸಿಗೆ ಕೊಂಡಳು. ಆಮೇಲೆ ಬೆಳ್ಳುಳ್ಳಿಯ ಬುಟ್ಟಿಯ ಮುಂದೆ ಕೂತಳು. ಬಾಣಂತಿಗೆ ಬೆಳ್ಳುಳ್ಳಿ ಬೇಕು. ಈ ಸಲ ಮುಖ ತಿರುಗಿಸಲಿಲ್ಲ. ಒಂದೊಂದೇ ಗಡ್ಡೆಯನ್ನು ಹಿಚುಕಿ ನೋಡಿ, ಪೊಳ್ಳು ಬಿಟ್ಟು, ಗಟ್ಟಿಯಾದದ್ದನ್ನೇ ತನ್ನ ಕೈಯಿಂದ ಆರಿಸಿ ಹಾಕಿದಳು. ಮಾಮಾ ಉಳಿದ ಗಿರಾಕಿಗಳನ್ನು ಮರೆತು ನೋಡುತ್ತಿದ್ದ.

ನಾನು ಸುಮ್ಮನಿರಬೇಕಿತ್ತು ಅಂತ ಈಗಲೂ ಅನ್ನಿಸುವುದಿಲ್ಲ. ಆ ಸಂಜೆಯೇ ವಾದ ಹೂಡಿದೆ. “ಕಾಕು, ನಿಮ್ಮ ಧರ್ಮಕ್ಕ ಮೂಲ ಅಹಿಂಸಾ, ಹೌದಿಲ್ಲೋ? ನೀವು ಹಿಡದ ನಿಯಮದಿಂದ ಮೂರು ಜೀವಕ್ಕ ನೋವಾಗಾಕತ್ತೈತಿ. ಅಂದ ಮ್ಯಾಲ ಅದು ನಿಯಮನ ಅಲ್ಲ. ಸ್ವಾಮಿಗಳು ಬಂದಾಗ ಕೇಳ್ರಿ, ಪ್ರಾಯಶ್ಚಿತ್ತ ಕೊಟ್ಟು ಬಿಡಸ್ತಾರ.”

ಆಕೆ ಪಿಶವಿ ಕೊಡವುತ್ತಲೇ ನಕ್ಕಳು. “ನಿನಗ ಬಕ್ಷೀಸ ಕೊಡ್ತಾರಲ್ಲ, ತಪ್ಪೇನಿಲ್ಲ ಬಿಡು. ಅವ್ರು ಬಿಡಸ್ತಾರವಾ. ಆದ್ರ ಆ ಮಾತು ಆಡ್ದಾಕಿ ನಾನು. ಸಿಟ್ಟಿನಾಗ ಆಡಿದ್ದು ಅಂತ ಇವತ್ತು ಬಿಟ್ರ, ನಾಳೆ ಪ್ರೀತೀಲೆ ಆಡಿದ್ದಕ್ಕ ಏನ್ ಕಿಮ್ಮತ್ತು?”

ಇದಕ್ಕೆ ಉತ್ತರ ಇದೆ. ಆ ದಿನ ನನಗೆ ಹೊಳೆಯಲಿಲ್ಲ, ಅಷ್ಟೇ... ಹೊಳೆದಾಗ ಕೇಳಲು ಆಕೆ ಇರಲಿಲ್ಲ.

ಮೊಮ್ಮಗ ನಡೆದಾಡಿ ಮಾತಾಡುವಷ್ಟು ದೊಡ್ಡವನಾಗಿರಬೇಕು, ಆ ಹೊತ್ತಿಗೆ ಸಂತೆಗೆ ಪ್ಲಾಸ್ಟಿಕ್ ಚೀಲ ಬಂತು. ತೆಳ್ಳಗೆ, ನೀಲಿ, ಗುಲಾಬಿ ಬಣ್ಣದ್ದು. ಮಾಮಾನೂ ಒಂದು ಕಟ್ಟು ತಂದು ತಕ್ಕಡಿಯ ಪಕ್ಕದ ಕೊಕ್ಕೆಗೆ ನೇತುಹಾಕಿದ. ಒಂದು ಸಂತೆಯ ದಿನ ಕಾಕು ಎಂದಿನಂತೆ ಕೈ ಚಾಚಿದಳು. ಮಾಮಾ ಒಗೆದ ಪಿಶವಿ ಕೊಟ್ಟ. ಆಕೆ ಅದರಲ್ಲಿ ಕಾಯಿಪಲ್ಯ ತುಂಬಿ ಅವನ ಕಡೆ ನೀಡಿದರೆ, ತಗೊಳ್ಳಲಿಲ್ಲ.

“ಇನ್ನ ಬ್ಯಾಡಂತ್ರಿ ಅಕ್ಕಾ.”

“ಯಾಕ?”

ಮಾಮಾ ಟೊಮೆಟೊ ಒರೆಸುತ್ತ, ಮುಖ ಎತ್ತದೆ ಹೇಳಿದ, “ಈಗ ಎಲ್ಲಾರೂ ಪ್ಲಾಸ್ಟಿಕಿನ್ಯಾಗ ಒಯ್ತಾರಲ್ರಿ. ಆಕಿನೂ ಹಂಗ, ತನಗ ಬೇಕಾದ್ದು ತಾನಾ ಅಲ್ಲೇ ತಗೊಂಡು ಒಯ್ತಾಳಂತ. ಪಿಶವಿ ಒಗಿಯೂದು, ಮಡಚೂದು, ತರೂದು... ತ್ರಾಸ್ ಆಗತೈತಂತ್ರಿ.”

“ತ್ರಾಸ್?” ಅಂದಳು ಕಾಕು. “ಪಿಶವಿ ಒಗಿಯೂದು ಆಕಿಗೆ ತ್ರಾಸ್?”

ಆಮೇಲಿನದು ಊರಿಗೇ ಗೊತ್ತು. ದನಿ ಏರಿಸಿ ಮಾತಾಡಿದ್ದನ್ನು ಯಾರೂ ಕೇಳದ ಆ ಹೆಂಗಸು ಕೊಕ್ಕೆಯಿಂದ ಆ ಕಟ್ಟನ್ನು ಜಗ್ಗಿದಳು. ಕೈಯಿಂದ ಹರಿದಳು, ಹರಿಯದ್ದನ್ನು ಹಲ್ಲಿಂದ ಹರಿದಳು. “ಏನೈತೋ ಇದರಾಗ! ಒಗದ ಗುರ್ತ ಇಲ್ಲ, ಹೊಲಿಗಿ ಗುರ್ತ ಇಲ್ಲ! ಇದರಾಗ ನನಗ ಏನ್ ಕಾಣಬೇಕೋ?” ಜನ ನೆರೆದರು. ಯಾರೋ ನಕ್ಕರು. ಮಾಮಾ ಅಡ್ಡ ಬರಲಿಲ್ಲ, ತಲೆ ತಗ್ಗಿಸಿ ಕೂತಿದ್ದ. ನಾನು ಕಾಕುವಿನ ಹೆಗಲು ಹಿಡಿದು ಮನೆಗೆ ಕರೆತಂದೆ. ದಾರಿಯುದ್ದಕ್ಕೂ ಆಕೆ ಅಳುತ್ತಲೇ ಇದ್ದಳು.

ಆಮೇಲೆ ಆಕೆ ಸಂತೆಗೆ ಹೋಗಲಿಲ್ಲ. ಕಾಕಾ ತಂದದ್ದನ್ನು ಬೇಯಿಸುವಳು. ಪಿಶವಿಗಳು ಗೂಟದ ಮೇಲೆ ಹಾಗೇ ಇದ್ದವು. ಒಂದು ಮಧ್ಯಾಹ್ನ ನನ್ನನ್ನು ಕೇಳಿದಳು, “ಅಲ್ಲಬೇ, ಒಗಿಯೂದು ತ್ರಾಸ್ ಆಗಿದ್ರ ಒಗೀದನ ಕಳಿಸಿದ್ರ ಆಗತಿರಲಿಲ್ಲೇನು? ನಾ ಒಗೀತಿದ್ದಿಲ್ಲೇನು?” ಮುಂದಿನ ಚಳಿಗಾಲದಲ್ಲಿ, ದ್ರಾಕ್ಷಿ ಇನ್ನೂ ಹುಳಿಯಿರುವಾಗಲೇ, ಜ್ವರ ಬಂದು ಕಾಕು ತೀರಿಕೊಂಡಳು.

ಮಗಳು ಬಂದಳು. ಕಂಕುಳಲ್ಲಿ ಮಗು. ಕಾಕಾ ಎದ್ದು ದಾರಿ ಬಿಟ್ಟ. ಆಕೆ ತನ್ನ ಅವ್ವನ ಪಕ್ಕ ಕೂತು ಮುಖದ ಮೇಲಿನ ಅರಿವೆ ಸರಿಸಿದಳು. ಅವಧಿ ಮುಗಿದಿತ್ತು. ಜೀವ ಇರುವ ತನಕ ಅಂದದ್ದನ್ನು ಆ ಮುದುಕಿ ಒಂದು ಕೂದಲೆಳೆಯಷ್ಟೂ ತಪ್ಪದೆ ನಡೆಸಿದ್ದಳು.

ಕಾಕುವಿನ ಮಗಳನ್ನು ಹಿತ್ತಲಿಗೆ ಕರೆದೊಯ್ದು ನೀರು ಕೊಟ್ಟೆ. ಕುಡಿಯಲಿಲ್ಲ. ನಾನೇ ಕೇಳಿಬಿಟ್ಟೆ, “ಅಕ್ಕಾ, ಒಂದು ಪಿಶವಿ ಒಗಿಯೂದು ಅಷ್ಟು ತ್ರಾಸ್ ಆಗಿತ್ತೇನು?”

ನನ್ನನ್ನು ಹುಚ್ಚಿಯಂತೆ ನೋಡಿದಳು. “ತ್ರಾಸ್? ಯಾರು ಅಂದ್ರು? ಹುಡುಗ ಅಜ್ಜಿ ಎಲ್ಲಿ ಅಂತ ಕೇಳಾಕ ಹತ್ತಿದ್ದ. ಪಿಶವಿ ತೋರ್ಸಿ ಇದಾ ನಿಮ್ಮಜ್ಜಿ ಅನ್ಲೇನು? ಮಾಮಾಗ ಹೇಳಿ ಕಳಿಸಿದ್ನಿ. ಪಿಶವಿ ಕಳಸೂದು ಬ್ಯಾಡ, ಅವ್ವಗ ತಾನಾ ಕಾಗವಾಡ ಸಂತಿಗೆ ಬಾ ಅನ್ನು, ಹುಡುಗನ್ನ ಕರಕೊಂಡು ನಿನ್ನ ಅಂಗಡಿ ಮುಂದ ನಿಂತಿರ್ತೀನಿ ಅಂತ. ಸಂತಿ ಮ್ಯಾಲ ಸಂತಿ ನಿಂತೆ... ಬರಲಿಲ್ಲ. ಅಷ್ಟು ಸಿಟ್ಟಿತ್ತೇನು ಆಕಿಗೆ?”

ಮಾಮಾ ಆ ಮಾತನ್ನು ಕಾಕುವಿಗೆ ಮುಟ್ಟಿಸಲೇ ಇಲ್ಲ ಎಂಬ ನಿಜ ಹೇಳಿದೆ. ಹೇಳಬಾರದಿತ್ತು ಎನ್ನುವವರು ಇದ್ದಾರೆ, ಅವರೊಡನೆ ವಾದಕ್ಕೆ ಸಿದ್ಧಳಿದ್ದೇನೆ. ಆದರೆ ಆಕೆ ನೆಲಕ್ಕೆ ಕುಸಿದು ಕೂತ ರೀತಿಯ ಬಗ್ಗೆ ನನ್ನ ಹತ್ತಿರ ಯಾವ ವಾದವೂ ಇಲ್ಲ.

ಬಾಗವಾನ ಮಾಮಾ ಆ ಹೊತ್ತಿಗೆ ನಮ್ಮೂರ ಸಂತೆ ಬಿಟ್ಟಿದ್ದ. ಇಷ್ಟು ವರ್ಷ ಅವನನ್ನು ಹುಡುಕಿರಲಿಲ್ಲ. ಶಾಲೆಯ ಆ ಚಪ್ಪಾಳೆ ಕಿವಿಯಿಂದ ಹೋಗದೆ, ಮರುದಿನ ಕಾಗವಾಡಕ್ಕೆ ಹೋದೆ. ಈಗ ಕಣ್ಣು ಮಂಜು, ಮಗನ ಅಂಗಡಿಯ ಮೂಲೆಯಲ್ಲಿ ಕೂತಿರುತ್ತಾನೆ. ದನಿಯಿಂದಲೇ ಗುರುತು ಹಿಡಿದ. “ಕಾಲೇಜಿನ ಬಾಯಿ!” ಎಂದು ನಕ್ಕ. ನಾನು ಬಂದ ಕಾರಣ ಹೇಳಿದ ಮೇಲೆ ನಗಲಿಲ್ಲ.

“ಬೇಟಿ, ಮಗಳು ಹೇಳಿದ್ದು ಹೇಳಿದ್ರ ಅಕ್ಕ ಏನ್ ಮಾಡಬೇಕಿತ್ತು? ಬಂದ್ರ ದೇವ್ರ ಮುಂದ ಆಡಿದ ಮಾತು ಹೋತು. ಬರದಿದ್ರ ಮಗಳು ಕರದ್ರೂ ಬರಲಿಲ್ಲ ಅಂತ ಉಳೀತು. ಎರಡ್ರಾಗೂ ಆಕಿ ಸಾಯ್ತಿದ್ಲು. ಅದಕ್ಕ ತಪ್ಪು ಪ್ಲಾಸ್ಟಿಕಿನ ಮ್ಯಾಲ ಹಾಕಿದ್ನಿ. ಅದಕ್ಕೇನ್ ನೋವಾಗತೈತಿ, ಅಂದ್ಕೊಂಡೆ.”

ಮಗ ಚಹಾ ತಂದಿಟ್ಟ, ಆರಿತು. ಸಂತೆಯ ಗದ್ದಲ ಬಾಗಿಲ ತನಕ ಬಂದು ನಿಲ್ಲುತ್ತಿತ್ತು. ಎರಡೂ ಪಕ್ಷದಲ್ಲಿ ನಿಂತು ವಾದಿಸುವುದನ್ನು ನನಗೆ ಕಲಿಸಿದ್ದಾರೆ. ಇದರಲ್ಲೂ ವಾದಿಸಬಲ್ಲೆ, ಎರಡೂ ಕಡೆ ಗೆಲ್ಲಬಲ್ಲೆ. ಗೆದ್ದು ಏನು ಮಾಡಲಿ? ಆಯ್ಕೆ ಯಾರದೋ ಅವರ ಮುಂದೆ ಅದನ್ನು ಇಡಲೇ ಇಲ್ಲ. ಅವನ ಮಂಜುಗಣ್ಣು ನನ್ನ ಕಡೆಗೇ ಇತ್ತು, ನಾನು ಏಳಲೆಂದು ಕಾಯುತ್ತಿದ್ದನೋ, ಕೇಳಲೆಂದೋ. ಕೊನೆಗೆ ಕೇಳಿದೆ.

“ಮಾಮಾ, ನೀವು ಹೇಳಿದ್ರ ಕಾಕು ಬರ್ತಿದ್ಲೇನ್ರಿ?”