ಮಾವನವರ ತಂತಿಯ ನವಿಲುಗಳು

ಮುಂಜಾನೆ ಹಾಸಿಗೆಯಿಂದೆದ್ದು ನೆಲಕ್ಕಿಟ್ಟ ಮೊದಲ ಹೆಜ್ಜೆಗೇ ಅಂಗಾಲಿಗೊಂದು ಮಣಿ ಒತ್ತಿದರೆ, ಆ ದಿನದ ಉಳಿದ ಹೆಜ್ಜೆಗಳ ಬಗ್ಗೆ ಮನುಷ್ಯನಿಗೆ ಯಾವ ಭರವಸೆಯೂ ಉಳಿಯುವುದಿಲ್ಲ. ಇದನ್ನು ನಾನು ಅನುಭವದಿಂದ ಹೇಳುತ್ತಿದ್ದೇನೆ. ಎಂಬತ್ತರ ದಶಕದ ಆರಂಭದಲ್ಲಿ, ರಾಯಚೂರಿನ ನಮ್ಮ ಬಾಡಿಗೆ ಮನೆಯಲ್ಲಿ, ಒಂದು ವರ್ಷದ ಮಟ್ಟಿಗೆ ನಾನು ಮಣಿ ತುಳಿಯದೆ ಬಚ್ಚಲು ಮುಟ್ಟಿದ ದಿನಗಳು ಬಹಳ ಕಡಿಮೆ. ಅನ್ನದಲ್ಲಿ ಮಣಿ ಸಿಕ್ಕಿದೆ, ಅಂಗಿಯ ಜೇಬಿನಲ್ಲಿ ಸಿಕ್ಕಿದೆ, ಒಮ್ಮೆ ಕಚೇರಿಯಲ್ಲಿ ಕಡತ ಬಿಚ್ಚಿದಾಗ ಹಳದಿ ಮಣಿಯೊಂದು ಉರುಳುತ್ತ ಹೋಗಿ ಮೇಲಧಿಕಾರಿಗಳ ಕೈಯ ಹತ್ತಿರ ನಿಂತಿದೆ. ಭಕ್ತರು ಮಣಿ ಎಣಿಸಿ ಶಾಂತಿ ಪಡೆಯುತ್ತಾರಂತೆ. ನಾನು ಮಣಿ ತುಳಿದು, ಇದ್ದ ಶಾಂತಿಯನ್ನೂ ಕಳೆದುಕೊಂಡೆ.

ಇದಕ್ಕೆಲ್ಲ ಕಾರಣಕರ್ತರು ನನ್ನ ಮಾವನವರು, ಅಂದರೆ ಹೆಂಡತಿ ಗಿರಿಜೆಯ ತಂದೆ ವಿರೂಪಾಕ್ಷಪ್ಪನವರು. ದೇವದುರ್ಗದಲ್ಲಿ ಹೆಡ್ ಮಾಸ್ತರರಾಗಿ ನಿವೃತ್ತರಾಗಿ, ಮಾನ್ವಿಯಲ್ಲಿ ಹಿರಿಯ ಮಗನ ಮನೆಯಲ್ಲಿದ್ದವರು. ಅವರ ಬರವಣಿಗೆ ಅಚ್ಚಿನ ಮೊಳೆಗಳನ್ನೂ ನಾಚಿಸುವಂಥದು. ಮದುವೆ ಗೊತ್ತಾದ ಮೇಲೆ ನಾನು ಅವರಿಗೆ ಬರೆದ ಮೊದಲ ಕಾಗದವನ್ನು ಕೆಂಪು ಮಸಿಯಲ್ಲಿ ತಿದ್ದಿ, ಅಲ್ಪಪ್ರಾಣ ಮಹಾಪ್ರಾಣಗಳನ್ನು ಸರಿಪಡಿಸಿ, ಮರುಟಪಾಲಿಗೆ ಹಿಂದಕ್ಕೆ ಕಳಿಸಿದ್ದರು. ಅಂದಿನಿಂದ ಅವರೆದುರು ನಾನು ಅಲ್ಪಪ್ರಾಣಿಯೇ.

ಅಂಥವರಿಗೆ ಲಕ್ವಾ ಹೊಡೆಯಿತು. ಮಾತು ಉಳಿಯಿತು, ಕಾಲು ಹೇಗೋ ಸುಧಾರಿಸಿತು, ಬಲಗೈ ಮಾತ್ರ ಯಾರೋ ಮರೆತು ಬಿಟ್ಟುಹೋದ ಗಂಟಿನಂತೆ ತೊಡೆಯ ಮೇಲೆ ಬಿದ್ದುಕೊಂಡಿತು. ಚಿಕಿತ್ಸೆಗೆ ಅನುಕೂಲವೆಂದು ರಾಯಚೂರಿಗೆ, ನಮ್ಮ ಮನೆಗೆ ಕರೆತಂದೆವು. ಬೆರಳುಗಳಿಗೆ ಕೆಲಸ ಕೊಡದಿದ್ದರೆ ಅವು ಕೆಲಸವನ್ನೇ ಮರೆಯುತ್ತವೆ, ದಿನಾ ಮಣಿ ಪೋಣಿಸಲಿ ಎಂದು ಆಸ್ಪತ್ರೆಯ ನರ್ಸೊಬ್ಬರು ಹೇಳಿದರು. ಗಿರಿಜೆ ಬಳೆ ಅಂಗಡಿಯಿಂದ ಬಣ್ಣಬಣ್ಣದ ಮಣಿ ತಂದಳು. ಆದರೆ ದಾರ ಮೆತ್ತಗೆ ಬಾಗುತ್ತಿತ್ತು. ದಾರದ ತುದಿ ಒಂದು ಕಡೆ, ಮಣಿಯ ತೂತು ಇನ್ನೊಂದು ಕಡೆ, ನಡುವೆ ಮಾವನವರ ಸಿಟ್ಟು. ಮೂರನೆಯ ದಿನ ಅವರು, ನೆಟ್ಟಗೆ ನಿಲ್ಲುವಂಥದೇನಾದರೂ ತಂದುಕೊಡಿ ಎಂದರು. ಮನೆ ಕಟ್ಟುವವರು ಕಬ್ಬಿಣದ ಸಳಿ ಬಿಗಿಯಲು ಬಳಸುವ ತಂತಿಯ ಸುರುಳಿಯೊಂದನ್ನು ನಾನೇ ತಂದುಕೊಟ್ಟೆ. ನನ್ನ ಕೊರಳಿಗೆ ನಾನೇ ತಂತಿ ಸುತ್ತಿಕೊಂಡದ್ದು ಹೀಗೆ.

ಮಣೆಗೆ ಹೊಡೆದ ಮೊಳೆಗೆ ತಂತಿಯ ಒಂದು ತುದಿ ಸಿಕ್ಕಿಸಿ, ಎಡಗೈಯ ಇಕ್ಕಳದಿಂದ ಅದನ್ನು ಬಾಗಿಸಿ, ಬಲಗೈಯಿಂದ ತಟ್ಟೆಯೊಳಗಿನ ಮಣಿ ಹೆಕ್ಕಿ ಇನ್ನೊಂದು ತುದಿಗೆ ಏರಿಸುವುದು ಅವರ ಕ್ರಮ. ಒಂದು ಮಣಿ ಏರುವಷ್ಟರಲ್ಲಿ ಹತ್ತು ಮಣಿ ಉದುರುತ್ತಿದ್ದವು. ಬರಿಯ ಸರ ಮಾಡಿ ಮಾಡಿ ಬೇಸತ್ತ ಮಾವನವರು ಆಕೃತಿಗಳಿಗೆ ಕೈಹಾಕಿದರು. ಮೊದಲು ಹುಟ್ಟಿದ್ದನ್ನು ನಾನು ನಲ್ಲಿಯೆಂದು ತಿಳಿದೆ. ಅದು ನವಿಲಾಗಿತ್ತು. ಆಮೇಲೆ ಚಿಟ್ಟೆಗಳು, ಗಿಳಿಗಳು, ಬೇರಿಲ್ಲದ ಹೂಗಳು ಬಂದವು. ಮನೆಯೊಳಗೆ ಜಾಗ ಸಾಲದಾದಾಗ ಅವುಗಳ ಕಾಲನ್ನು ಉದ್ದ ಬಿಟ್ಟು ನನ್ನ ಕೈತೋಟದಲ್ಲಿ ಊರತೊಡಗಿದರು.

ಕೈತೋಟವೆಂದರೆ ಜಂಬದ ಮಾತಾಯಿತು. ಮನೆಯ ಮುಂದಿನ ಆರು ಹೆಜ್ಜೆ ನೆಲದಲ್ಲಿ, ರಾಯಚೂರಿನ ಬಿಸಿಲಿಗೆ ಸವಾಲು ಹಾಕಿ ನಾನು ನಾಲ್ಕು ಗುಲಾಬಿ ಗಿಡ ಬೆಳೆಸಿದ್ದೆ. ಪಾತ್ರೆ ತೊಳೆದ ನೀರನ್ನೂ ಸೋಸಿ ಹಾಕಿ, ಒಂದೊಂದು ಮೊಗ್ಗಿಗೂ ಕೂಸಿನಂತೆ ಕಾವಲು ಕೂತಿದ್ದೆ. ಆ ಗಿಡಗಳ ನಡುವೆ ತಂತಿಯ ಜೀವಜಂತುಗಳು ವಲಸೆ ಬಂದು ನೆಲೆಸಿದವು. ಗಡ್ಡ ಹೆರೆದುಕೊಳ್ಳುವಾಗ ಅವುಗಳ ಗಾಜಿನ ಮಣಿಗಳ ಬೆಳಕು ಕನ್ನಡಿಗೆ ಬಡಿದು ಕಣ್ಣು ಕುಕ್ಕುತ್ತಿತ್ತು. ನೀರು ಹಾಕಲು ಬಾಗಿದರೆ ಕಾದ ತಂತಿ ಮೊಣಕೈ ಸುಡುತ್ತಿತ್ತು. ಗಿರಿಜೆಗೆ ದೂರು ಹೇಳಿದರೆ, ಹೂಗಳು ಸುಮ್ಮನಿರುತ್ತವೆ, ನೀವೇ ಹೋಗಿ ತಾಗುತ್ತೀರಿ ಎನ್ನುತ್ತಿದ್ದಳು.

ನಾನು ಭೂದಾಖಲೆಯ ಗುಮಾಸ್ತ. ಒಮ್ಮೆ ಕೆಲಸದ ಮೇಲೆ ದೇವದುರ್ಗಕ್ಕೆ ಹೊರಟಾಗ, ಸಣ್ಣ ಮಣಿ ಬೆರಳಿಗೆ ಸಿಗುವುದಿಲ್ಲ, ದನದ ಕೊರಳಿಗೆ ಕಟ್ಟುವ ನೀಲಿ ಮಣಿ ಅಲ್ಲಿನ ಸಂತೆಯಲ್ಲಿ ಸಿಗುತ್ತವೆ, ತನ್ನಿ ಎಂದು ಮಾವನವರು ಅಪ್ಪಣೆ ಕೊಡಿಸಿದರು. ಕಡತ ಬಗಲಲ್ಲಿಟ್ಟುಕೊಂಡು ಹಗ್ಗ, ಮೂಗುದಾರ, ಗೆಜ್ಜೆಗಳ ನಡುವೆ ಕೂತಿದ್ದ ವ್ಯಾಪಾರಿಯ ಮುಂದೆ ನಿಂತೆ. ಆತ ನನ್ನ ಇಸ್ತ್ರಿ ಮಾಡಿದ ಪ್ಯಾಂಟನ್ನು ನೋಡಿ, ಎಷ್ಟು ಬೇಕೆಂದು ತಿಳಿಯಲು ಸಹಜವಾಗಿಯೇ ಕೇಳಿದ:

"ಎತ್ತು ಎಷ್ಟು ಅದಾವ್ರಿ?"

"ಎತ್ತಿಲ್ಲಪ. ಮಾವ ಅದಾರ."

ಮಣಿ ಕಟ್ಟಿಕೊಡುವಾಗ ಅವನ ಮುಖದಲ್ಲಿದ್ದದ್ದು ಕನಿಕರವೋ ಭಯವೋ ನನಗೆ ಇಂದಿಗೂ ತಿಳಿಯದು.

ದೊಡ್ಡ ಮಣಿ ಬಂದ ಮೇಲೆ ಉತ್ಪಾದನೆ ಇಮ್ಮಡಿಸಿತು. ಇಂಥ ಹೊತ್ತಿನಲ್ಲೇ ನನ್ನ ಮೇಲಧಿಕಾರಿಗಳು, ನಾನು ಕಚೇರಿಯಲ್ಲಿ ಕೊಚ್ಚಿಕೊಂಡಿದ್ದ ಗುಲಾಬಿ ನೋಡಲು ಒಂದು ರವಿವಾರ ಮನೆಗೆ ಬಂದರು. ಗುಲಾಬಿಯತ್ತ ಅವರ ದೃಷ್ಟಿ ಹೋಗಲೇ ಇಲ್ಲ. ಹದಿನೆಂಟೋ ಇಪ್ಪತ್ತೋ ಆಕೃತಿಗಳನ್ನು ಬಗ್ಗಿ ಬಗ್ಗಿ ನೋಡಿ, ಇವೇನು ಕಾಗೆ ಬೆದರಿಸಲಿಕ್ಕೆ ಇಟ್ಟದ್ದೇ ಎಂದು ಗಟ್ಟಿಯಾಗಿ ನಕ್ಕರು. ಅವರ ಜೊತೆ ನಾನೂ ನಕ್ಕೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ನಕ್ಕೆ. ಅವರು ಹೋದದ್ದೇ ತಡ, ಒಂದೊಂದನ್ನೂ ಕಿತ್ತು ಹಿತ್ತಲಿನ ಬಚ್ಚಲ ಪಕ್ಕ, ಸೌದೆಯ ಮೇಲೆ ಒಗೆದೆ. ಕಿಟಕಿಯ ಬಳಿ ಮಾವನವರು ಕೂತಿದ್ದದ್ದು ಕೊನೆಯ ಚಿಟ್ಟೆಯನ್ನು ಕಿತ್ತ ಮೇಲೆ ನನಗೆ ಕಂಡಿತು.

ಕೆಂಪು ಮಸಿಯ ಮನುಷ್ಯ ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಮರುದಿನ ಅವರು ಮಣೆಯ ಮುಂದೆ ಕೂರಲಿಲ್ಲ, ಅದರ ಮರುದಿನವೂ ಇಲ್ಲ. ಬಲಗೈ ಮತ್ತೆ ತೊಡೆಯ ಮೇಲೆ ಹೋಗಿ ಮಲಗಿತು. ಮನೆಯಲ್ಲಿ ಮಣಿ ಉರುಳುವ ಸದ್ದಿಲ್ಲ. ನಾನು ಬರಿಗಾಲಿನಲ್ಲಿ ಧಾರಾಳವಾಗಿ ಓಡಾಡಿದೆ. ನಾಲ್ಕನೆಯ ದಿನ ಗಿರಿಜೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, ನನ್ನ ಕಡೆ ತಿರುಗದೆ ಮಾತಾಡಿದಳು. ಪಿಂಚಣಿದಾರರು ತಾವು ಬದುಕಿದ್ದೇವೆಂದು ವರ್ಷಕ್ಕೊಮ್ಮೆ ಕಚೇರಿಗೆ ಹೋಗಿ ಸಹಿ ಮಾಡಬೇಕು. ದೀಪಾವಳಿ ಕಳೆದ ಮೇಲೆ ಮಾವನವರಿಗೆ ಮಾನ್ವಿಯಲ್ಲಿ ಆ ಕೆಲಸವಿತ್ತು. ಕೈ ಆಡದವರು ಹೆಬ್ಬೆಟ್ಟು ಒತ್ತಿದರೆ ಸಾಕು, ಯಾರ ಅಡ್ಡಿಯೂ ಇಲ್ಲ.

"ಅರ್ಧ ತಾಲೂಕಿಗಿ ಅಕ್ಷರ ಕಲಿಸೀನಿ, ಹೆಬ್ಬೆಟ್ಟು ಒತ್ತಂಗಿಲ್ಲ ಅಂತ ನಮ್ಮಪ್ಪ ನನ್ನ ಮುಂದ ಅತ್ತಾನ," ಎಂದಳು. "ಅದಕ್ಕ ಮಣಿ ಹಿಡದಿದ್ದ. ನಿಮಗ ತಿಳೀಬಾರದು ಅಂದಿದ್ದ."

ಒಂದು ವರ್ಷ ಕಾಲ ಕಾಲಡಿಗೆ ಸಿಕ್ಕಿದ್ದನ್ನೆಲ್ಲ ನಾನು ನೋಡಿದ್ದೆ, ಕಣ್ಣೆದುರಿಗಿದ್ದದ್ದನ್ನು ನೋಡಿರಲಿಲ್ಲ. ಅಂದು ಸಂಜೆ ಸೌದೆಯ ಮೇಲಿಂದ ಎಲ್ಲವನ್ನೂ ಆರಿಸಿ ತಂದು ಮತ್ತೆ ಊರತೊಡಗಿದೆ. ಕ್ಷಮೆ ಕೇಳುವ ಧೈರ್ಯವಿರಲಿಲ್ಲವಾದ್ದರಿಂದ ಗುದ್ದಲಿ ಹಿಡಿದೆ ಅಷ್ಟೆ. ಅದರಲ್ಲೂ ಸಮಾಧಾನ ಸಿಗಬೇಕಲ್ಲ. ಮಾವನವರು ಕಿಟಕಿಯಿಂದ, ಅದು ತಲೆಯಲ್ಲ ಬಾಲ, ಅದು ಗಿಳಿಯಲ್ಲ ನವಿಲು, ಅದನ್ನು ಬಿಸಿಲಿಗೆ ಬೆನ್ನು ಮಾಡಿ ನಿಲ್ಲಿಸಬೇಡಿ ಎಂದು ಒಂದೊಂದನ್ನೂ ತಿದ್ದಿದರು. ಎರಡು ಬಾರಿ ಕಿತ್ತು ಮೂರನೆಯ ಬಾರಿ ಊರುವಾಗ ನನ್ನ ಪಶ್ಚಾತ್ತಾಪ ಬಹುಮಟ್ಟಿಗೆ ಆವಿಯಾಗಿತ್ತು. ಆದರೆ ಮರುದಿನ ಮುಂಜಾನೆ ಅಂಗಾಲಿಗೆ ಮಣಿ ಒತ್ತಿದಾಗ, ಸಿಡುಕುತ್ತಲೇ ಅದನ್ನು ಎತ್ತಿ ತಟ್ಟೆಗೆ ಹಾಕಿದೆ.

ದೀಪಾವಳಿ ಕಳೆಯಿತು. ಬಸ್ಸಿನಲ್ಲಿ ಅವರನ್ನು ಮಾನ್ವಿಗೆ ಕರೆದೊಯ್ದೆ. ದಾರಿಯಲ್ಲಿ ಕಲ್ಮಲ ಊರು ದಾಟುವವರೆಗೂ ಅವರು ಬಲಗೈಯ ಬೆರಳುಗಳನ್ನು ಮಡಚಿ ಬಿಚ್ಚುತ್ತಿದ್ದರು. ಕಚೇರಿಯಲ್ಲಿ ಸಾಲು ಉದ್ದವಿತ್ತು. ನಮ್ಮ ಸರದಿ ಬಂದಾಗ ಮೇಜಿನ ಹಿಂದಿನ ಗುಮಾಸ್ತರು ನಡುಗುವ ಕೈಯನ್ನು ಕಂಡು, ಒಳ್ಳೆಯ ಮನಸ್ಸಿನಿಂದಲೇ ಶಾಯಿಯ ಪೆಟ್ಟಿಗೆಯನ್ನು ಮುಂದೆ ಸರಿಸಿದರು. ಮಾವನವರು ಅದನ್ನು ಹಿಂದಕ್ಕೆ ಸರಿಸಿ, ಪೆನ್ನು ತೆಗೆದುಕೊಂಡರು.

ಇವರ ಹೆಸರಾದರೂ ಬಸಪ್ಪ ಎಂದಿರಬಾರದಿತ್ತೆ ಎಂದು ನಾನು ಆಗ ಮರುಗಿದಷ್ಟು ಎಂದೂ ಮರುಗಿಲ್ಲ. 'ವಿ' ಮುಗಿಯಲು ಒಂದು ಯುಗ. 'ರೂ'ವಿನ ದೀರ್ಘ ಕಾಗದದ ಅಂಚಿನವರೆಗೆ ಹೋಗಿ ತಿರುಗಿ ಬಂತು. ಹಿಂದಿನ ಸಾಲು ಕೆಮ್ಮಿತು, ಗೊಣಗಿತು. ಅಷ್ಟು ಸಾಕು, ಹೆಬ್ಬೆಟ್ಟು ಒತ್ತಿಬಿಡಿ ಯಜಮಾನ್ರೆ ಎಂದು ಗುಮಾಸ್ತರು ಮತ್ತೆ ಶಾಯಿಯತ್ತ ಕೈಚಾಚಿದರು. ನಾನು ಜನ್ಮತಃ ತಾಳ್ಮೆ ಇಲ್ಲದವನು, ಬಸ್ಸಿಗೂ ಕಾಯಲಾರದವನು. ಆದರೂ ಅವರ ಕೈಗೆ ನನ್ನ ಕೈ ಅಡ್ಡ ಇಟ್ಟೆ.

"ತಡೀರಿ. ಅವರು ಬರಿಯಾಕತ್ತಾರ."

ದನಿ ನನ್ನದೇ ಎಂದು ನಂಬಲು ನನಗೆ ಕೊಂಚ ಹೊತ್ತು ಹಿಡಿಯಿತು. ಗುಮಾಸ್ತರು ಕೈ ಹಿಂದಕ್ಕೆ ತೆಗೆದುಕೊಂಡರು. 'ಕ್ಷ'ದ ಸುರುಳಿಯಲ್ಲಿ ಪೆನ್ನು ನಿಂತಿತು. ಮಾವನವರು ಉಸಿರು ಬಿಗಿಹಿಡಿದು ಅದನ್ನು ತಂತಿಯಂತೆ ಬಾಗಿಸಿ ಮುಗಿಸಿದರು. ಕೊನೆಯ ಒತ್ತಕ್ಷರವನ್ನೂ ಬಿಡಲಿಲ್ಲ. ಅಚ್ಚಿನ ಅಕ್ಷರವೇನಲ್ಲ, ಕೋಳಿ ಕೆದರಿದಂತಿತ್ತು. ಗುಮಾಸ್ತರು ಹಳೆಯ ಸಹಿಯ ಪಕ್ಕ ಅದನ್ನಿಟ್ಟು ನೋಡಿದರು, ಎದ್ದು ಒಳಗೆ ಸಾಹೇಬರಿಗೆ ತೋರಿಸಿ ಬಂದರು, ಮುದ್ರೆ ಒತ್ತಿದರು. ಹೀಗೆ ನನ್ನ ಮಾವನವರು ಬದುಕಿದ್ದಾರೆಂಬುದು ದಾಖಲೆಯಾಯಿತು.

ಹೊರಗೆ ಬಂದಾಗ ಅವರ ಅಂಗಿ ಬೆವರಿನಿಂದ ತೊಯ್ದಿತ್ತು. ಬಸ್ ನಿಲ್ದಾಣದ ಹೋಟೆಲಿನಲ್ಲಿ ಕೂತು ಅವರು ಒಂದೇ ಚಹಾ ಹೇಳಿದರು. ಮದುವೆಯಾಗಿ ಒಂಬತ್ತು ವರ್ಷವಾದರೂ ಅಳಿಯನ ಜೊತೆ ಕೂತು ಚಹಾ ಕುಡಿದವರಲ್ಲ. ಕಪ್ಪಿನಿಂದ ಅದರಡಿಯ ಬಸಿಗೆ ಅರ್ಧ ಸುರಿದು, ಬೇಕೆಂದೇ ಬಲಗೈಯಿಂದ, ಆ ಬಸಿಯನ್ನು ಮೇಜಿನ ಮೇಲೆ ನನ್ನತ್ತ ತಳ್ಳಿದರು. ಅದು ಅರ್ಧ ದಾರಿಯಲ್ಲಿ ಓಲಾಡಿ, ನನ್ನ ಬಿಳಿಯ ಪ್ಯಾಂಟಿನ ಮೇಲೆ ಸಾಕಷ್ಟು ಚೆಲ್ಲಿತು.

"ಇರಲಿ ಬಿಡ್ರಿ ಮಾವ," ಎಂದೆ. ಒಂಬತ್ತು ವರ್ಷಗಳಲ್ಲಿ ಈ ಮಾತನ್ನು ನಾನು ಅವರಿಗೆ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಮನಸ್ಸಿನಲ್ಲಿ ಬೇರೆ ಏನನ್ನೂ ಇಟ್ಟುಕೊಳ್ಳದೆ ಹೇಳಿದ್ದು ಅಂದೇ ಮೊದಲು. ಬಸಿಯಲ್ಲಿ ಉಳಿದಿದ್ದ ಎರಡು ಗುಟುಕನ್ನು ಕುಡಿದೆ.