ಎಂಟೂವರೆ ತನಕ ಚೆಲ್ಲಬಾರದ ನೀರು

ಎರಡು ವರ್ಷದಿಂದ ನನ್ನ ಮಳೆಪುಸ್ತಕದಲ್ಲಿ ಸೊನ್ನೆ, ಇಲ್ಲವೇ ಒಂದೆರಡು ಮಿಲಿಮೀಟರಿನದೇ ಕಾರುಬಾರು. ಕೊನೆಗೊಂದು ಸಂಜೆ, ನಾನೀಗ ಇರುವ ಮರಾಠಿ ಸೀಮೆಯ ಖರಾಡಿಯಲ್ಲಿ ಧೋ ಎಂದು ಮಳೆ ಹಿಡಿಯಿತು. ಮರುದಿನ ಬೆಳಿಗ್ಗೆ ಎಂಟಕ್ಕೆ ನಗರಪಾಲಿಕೆಯ ಸೊಳ್ಳೆ ತಪಾಸಣೆಯವನು, ನಮ್ಮ ಕಲಬುರಗಿ ಕಡೆಯವನೇ, ಟೆರೇಸಿಗೆ ಬಂದು ನನ್ನ ಮಳೆಮಾಪಕಕ್ಕೇ ಕೈಹಾಕಿದ.

“ನಿಂತ ನೀರು ಚೆಲ್ಲಬೇಕ್ರಿ ಅವ್ವಾರ, ನಿಯಮ ಅದ.”

“ಎಂಟೂವರೆಗೇ ಅಳೀಬೇಕು, ಅದೂ ನಿಯಮನ. ಬಿ.ಎಸ್ಸಿ. ಓದಿದಾಕಿ ನಾನು, ಒಂದು ದಿನಾನೂ ತಪ್ಪಿಸಿಲ್ಲ. ಕೂಡು ತಮ್ಮಾ, ಚಹಾ ಕುಡಿ.”

ಗೊಣಗುತ್ತ ಕೂತವನು ಎಂಟೂವರೆಗೆ ನನಗಿಂತ ಮೊದಲೇ ಬಗ್ಗಿ ನೋಡಿದ. “ಎಷ್ಟಾತ್ರೀ?”

“ಎಪ್ಪತ್ತೆರಡು ಮಿಲಿಮೀಟರ್!”

“ಭಾಳ ಛಲೋ ಆತ್ರೀ!” ಎಂದು ತಾನೇ ಮಳೆ ತರಿಸಿದವನಂತೆ ಹಿಗ್ಗಿ, ನೀರು ಚೆಲ್ಲಿದ.

ನನ್ನ ಪುಸ್ತಕದಲ್ಲಿ ಎರಡು ವರ್ಷದ ಅತಿ ದೊಡ್ಡ ಮಳೆ ದಾಖಲಾಯಿತು. ಅವನ ಪುಸ್ತಕದಲ್ಲಿ ನನ್ನ ಹೆಸರಿನ ಮುಂದೆ ಮರಾಠಿಯಲ್ಲಿ ಬರೆದದ್ದು ಇಷ್ಟು: ನಿಂತ ನೀರು, ಒಂದು ಡಬ್ಬಿ, ತಾಕೀತು ಕೊಡಲಾಗಿದೆ.